ದೊಡ್ಡಕ್ಕನನ್ನು ಕಡಲಿಗೆ ಹೊತ್ತದ್ದು

ನನ್ನ ಬಾಳಿನಲ್ಲಿ ಎದೆ ತಟ್ಟಿ ಹೇಳಿಕೊಳ್ಳಬಹುದಾದ ಗೆಲುವು ಒಂದೇ ಒಂದು. ನಡೆಯಲಾರದ ನನ್ನ ಅಕ್ಕನನ್ನು, ಚಕ್ರ ಉರುಳಬಾರದ, ಗೂಟ ನೆಡಬಾರದ, ರಸ್ತೆಯೆಂಬುದೇ ಇರದ ಒಂದು ಕಡಲ ತೀರಕ್ಕೆ ಹೊತ್ತುಕೊಂಡು ಹೋಗಿ, ಅವಳ ಪಾದವನ್ನು ನೀರಿನಲ್ಲಿ ತೋಯಿಸಿ, ಉಬ್ಬರ ಏರುವ ಮುನ್ನ ಹಿಂದಕ್ಕೆ ತಂದದ್ದು. ಅಂದು ಗಳ ಹೊತ್ತ ಹೆಗಲು ಇಂದು ಅಂಗಿ ತೊಡುವಾಗಲೂ ಗೊಣಗುತ್ತದೆ. ಗೊಣಗಲಿ, ಅದಕ್ಕೆ ಆ ಹಕ್ಕಿದೆ.

ನಮ್ಮದು ಟಾರ್ಪಾಲು ಹೊಲಿಯುವ ಮನೆತನ. ಬೀದಿಯ ತಿರುವಿನಲ್ಲಿ ಎರಡಂತಸ್ತಿನ ಕಟ್ಟಡ. ಕೆಳಗೆ ಕಾರ್ಖಾನೆ, ಮೇಲೆ ಮನೆ. ಲಾರಿಗಳಿಗೆ ಹೊದಿಕೆ, ಅಂಗಡಿಗಳಿಗೆ ಮುಂಚಾಚು, ಬಯಲಿನಲ್ಲಿ ಬೀಡುಬಿಡುವವರಿಗೆ ಗುಡಾರ, ಹೀಗೆ ಕ್ಯಾನ್ವಾಸಿನಲ್ಲಿ ಏನು ಕೇಳಿದರೂ ಮಾಡಿಕೊಡುತ್ತಿದ್ದೆವು. ತಂದೆ ತೀರಿಕೊಂಡಾಗ ನಾನಿನ್ನೂ ಚಡ್ಡಿಯ ಹುಡುಗ. ಅಕ್ಕ ಅವರ ತೊಗಲಿನ ಅಂಗೈಪಟ್ಟಿಯನ್ನು ತನ್ನ ಕೈಗೆ ಬಿಗಿದುಕೊಂಡು, ದಬ್ಬಣ ಹಿಡಿದು, ಅವರು ಕೂರುತ್ತಿದ್ದ ಮಣೆಯ ಮೇಲೆಯೇ ಕುಳಿತಳು. ಪಟ್ಟಿ ಅವಳ ಕೈಗೆ ದೊಡ್ಡದಾಗಿತ್ತು. ಕೈ ಬೆಳೆಯಿತು, ಪಟ್ಟಿ ಸರಿಹೋಯಿತು. ನನ್ನನ್ನು ಓದಿಸಿದ್ದು, ಹೊಲಿಗೆ ಕಲಿಸಿದ್ದು, ತಪ್ಪು ಹೊಲಿದಾಗ ಬೆರಳ ಗಿಣ್ಣಿನ ಮೇಲೆ ಅಳತೆಗೋಲಿನಿಂದ ಬಿಗಿದದ್ದು ಎಲ್ಲವೂ ಅವಳೇ. ಮನೆಗೆ ಮಾತ್ರವಲ್ಲ, ಇಡೀ ಬೀದಿಗೇ ಅವಳು ದೊಡ್ಡಕ್ಕ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ರಕ್ಷಿತ ತೀರದ ಕಾವಲು ಗುಡಾರಗಳು ರಿಪೇರಿಗೆಂದು ನಮ್ಮಲ್ಲಿಗೆ ಬರುತ್ತಿದ್ದವು. ಹೊಲಿದವಳು ಅವಳೇ, ಹರಿದದ್ದನ್ನು ಕೂಡಿಸುವವಳೂ ಅವಳೇ. ಮಡಿಕೆ ಬಿಚ್ಚಿ ಕೊಡವಿದರೆ ಅಂಚಿನಿಂದ ಮರಳು ಉದುರುತ್ತಿತ್ತು. ನಮ್ಮೂರ ಹೊಳೆಯ ಮರಳಿನಂತೆ ಬೂದಿಬಣ್ಣದ್ದಲ್ಲ. ಬಿಳಿಯದು, ಒರಟು, ನಡುನಡುವೆ ಕಪ್ಪೆಚಿಪ್ಪಿನ ಚೂರುಗಳು ಉಗುರಿನಂತೆ ಮಿನುಗುತ್ತಿದ್ದವು. ಅಕ್ಕ ಅದನ್ನು ಗುಡಿಸಲು ಬಿಡದೆ ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು.

"ನನ್ನ ಗುಡಾರ ನೋಡಿದ ಜಾಗಾನ ನಾನು ನೋಡಿಲ್ವಲ್ಲೋ," ಎನ್ನುತ್ತಿದ್ದಳು. "ಬಟ್ಟೆಗೆ ಇರೋ ಪುಣ್ಯ ನನಗಿಲ್ಲ."

"ಮುಂದಿನ ವರ್ಷ ಹೋಗೋಣ ಅಕ್ಕ."

"ಆ ಮುಂದಿನ ವರ್ಷ ಅನ್ನೋದು ನಮ್ಮ ಲಾರಿ ಗಿರಾಕಿ ಹಾಗೆ. ಬರ್ತೀನಿ ಅಂತಾನೆ, ಬರಲ್ಲ."

ಹೋಗುವ ಮೊದಲೇ ಕಾರ್ಖಾನೆಯ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು, ಕಾರ್ಖಾನೆಯ ನಡುವೆ ಹಡಗಿನ ಕಪ್ತಾನನಂತೆ ಎಲ್ಲರ ಮೇಲೂ ಕೂಗಾಡುತ್ತ ಕೆಲಸ ಮುಂದುವರಿಸಿದಳು. ಕೈಗಳಿಗೆ ಏನೂ ಆಗಿರಲಿಲ್ಲ. ನಾಲಿಗೆಗೆ ಮೊದಲೇ ಏನೂ ಆಗುವಂತಿರಲಿಲ್ಲ.

ಆ ವರ್ಷ ಗುಡಾರ ತಂದವರು ಒಂದು ಸುದ್ದಿಯನ್ನೂ ತಂದರು. ತೀರದ ಮರಳು ದಿಬ್ಬಗಳು ಜನರ ಕಾಲ್ತುಳಿತಕ್ಕೆ ಕುಸಿಯುತ್ತಿವೆಯಂತೆ. ಬರುವ ವಾರದಿಂದ ಸಂದರ್ಶಕರಿಗೆ ಬಾಗಿಲು ಮುಚ್ಚುತ್ತಾರಂತೆ. ಮತ್ತೆ ತೆರೆಯುವುದು ದಿಬ್ಬದ ಬಳ್ಳಿಗಳು ಚಿಗುರಿ ಹಬ್ಬಿದ ಮೇಲೆ, ಅಂದರೆ ವರ್ಷಗಳೇ ಆಗಬಹುದು. ಅಕ್ಕ ದಬ್ಬಣವನ್ನು ಬಟ್ಟೆಯಲ್ಲಿ ಚುಚ್ಚಿ ನಿಲ್ಲಿಸಿದಳು.

"ನಾಳೆ ಹೊರಡೋಣ," ಎಂದಳು. ಅದು ಸಲಹೆಯಾಗಿರಲಿಲ್ಲ.

ಅಕ್ಕನ ಮಗಳು ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ, ನಮ್ಮ ಅಳಿಯ, ಬಸ್ಸಿನ ಡ್ರೈವರು. ಅವನು ಸ್ನೇಹಿತನ ವ್ಯಾನು ಕೇಳಿ ತಂದ. ಗಾಲಿಕುರ್ಚಿಯನ್ನು ಹಿಂದೆ ಏರಿಸಿ ಬೆಳಿಗ್ಗೆಯೇ ಹೊರಟೆವು. ಊರುಗಳು ಮುಗಿದವು, ಹೊಲಗಳು ಮುಗಿದವು, ಕೊನೆಗೆ ರಸ್ತೆಯೂ ಒಂದು ಮರದ ಗೇಟಿನ ಮುಂದೆ ಮುಗಿಯಿತು. ಗೇಟಿನಲ್ಲಿ ನಿಂತಿದ್ದ ಕಾವಲುಗಾರ ಐವತ್ತರ ಆಸುಪಾಸಿನವನು. ಬಿಸಿಲಿಗೆ ಸುಟ್ಟ ಮೂಗು, ಕೊರಳಲ್ಲೊಂದು ಪೀಪಿ. ಯಾರಾದರೂ ಹಗ್ಗದ ಗುರುತು ದಾಟಿ ಕಾಲಿಟ್ಟರೆ ಅದನ್ನು ಊದುವುದೇ ಅವನ ಉದ್ಯೋಗ. ಅಳಿಯ ಅಲ್ಲೇ ಅವನಿಗೆ ಪೀಪಿ ಎಂದು ನಾಮಕರಣ ಮಾಡಿದ. ನಮಗೆ ಅವನು ಇಂದಿಗೂ ಪೀಪಿಯೇ.

"ಚಕ್ರ ಒಳಗೆ ಬರೋ ಹಾಗಿಲ್ಲಮ್ಮ," ಎಂದ.

"ಇದು ಚಕ್ರ ಅಲ್ಲಪ್ಪ, ನನ್ನ ಕಾಲು," ಎಂದಳು ಅಕ್ಕ.

"ಇರ್ಬಹುದು. ಆದ್ರೆ ಹಕ್ಕಿಗಳು ಗೂಡು ಕಟ್ಟಲ್ಲ, ಮರಳ ಮೇಲೇ ಮೊಟ್ಟೆ ಇಡ್ತವೆ. ಮೊಟ್ಟೆ ಬಣ್ಣ, ಮರಳಿನ ಬಣ್ಣ ಒಂದೇ. ಈಗಾಗ್ಲೇ ಒಂದೊಂದು ಬಂದಿವೆ. ಚಕ್ರದ ಕೆಳಗೆ ಏನು ಸಿಕ್ತು ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ನಾನು ವಾದಕ್ಕೆ ಬಾಯಿ ತೆರೆದೆ. ಅಕ್ಕ ಕೈಯೆತ್ತಿ ತಡೆದಳು. ಅವಳಿಗೆ ಆ ಮಾತು ಸರಿಯೆನ್ನಿಸಿತ್ತು. ಸರಿಯಾದ ಮಾತಿನ ಜೊತೆ ಜಗಳವಾಡುವವಳಲ್ಲ ಅವಳು.

"ಚಕ್ರ ಬೇಡ. ಕಾಲು ಆಗಬಹುದಾ?"

"ಕಾಲಿಗೇನೂ ಅಡ್ಡಿ ಇಲ್ಲ."

"ಯಾರ ಕಾಲು ಅಂತ ಬರೆದಿದೆಯಾ ನಿಮ್ಮ ಕಾನೂನಲ್ಲಿ?"

ಪೀಪಿ ಮೂಗು ಕೆರೆದುಕೊಂಡ. "ಗುಂಪಿಗೆ ಐದೇ ಜನ ಅಂತಿದೆ. ಗೂಟ ನೆಡಬಾರದು, ಹಗ್ಗದ ಗುರುತು ದಾಟಬಾರದು, ಏನನ್ನೂ ಎಳೀಬಾರದು ಅಂತಿದೆ. ಯಾರ ಕಾಲು ಅಂತ... ಬರೆದಿಲ್ಲಮ್ಮ."

"ಹಾಗಾದ್ರೆ ಬರ್ತೀನಿ," ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನಡಿಯೋ ಮನೆಗೆ. ಕೆಲಸ ಇದೆ."

ಮುಂದಿನ ದಿನಗಳಲ್ಲಿ ಕಾರ್ಖಾನೆಯ ಬೇರೆಲ್ಲ ಕೆಲಸ ಮೂಲೆಗೆ ಸರಿಯಿತು. ಎರಡು ಉದ್ದನೆಯ ಗಳ, ನಡುವೆ ತೂಗುಹಾಕಿದ ಕ್ಯಾನ್ವಾಸಿನ ಕುರ್ಚಿ. ನಾಲ್ವರು ಹೊರಬೇಕು, ಐದನೆಯವಳು ಕೂರಬೇಕು. ನನ್ನ ಮೊದಲ ನಕ್ಷೆಯಲ್ಲಿ ಅವಳು ಮಲಗಿದ್ದಳು. ಅದನ್ನು ನೋಡಿ ಹಾಳೆಯನ್ನು ನನ್ನ ಮುಖಕ್ಕೇ ಎಸೆದಳು.

"ಮಲಗಿಸಿ ಹೊರೋದಕ್ಕೆ ಇನ್ನೂ ಟೈಮಿದೆ. ಈಗ ಕೂತ್ಕೊಂಡೇ ಹೋಗ್ತೀನಿ."

ನಾಲ್ಕನೆಯ ಹೆಗಲಿಗೆ ಸಿಕ್ಕಿದವನು ನಮ್ಮಲ್ಲಿ ಬಟ್ಟೆ ಕತ್ತರಿಸುವ ಆಳು. ತಾಳೆಮರದಷ್ಟು ಎತ್ತರ, ಮಾತು ಅಳೆದು ಸುರಿದ ಹಾಗೆ. ಅವನನ್ನು ಎಲ್ಲರೂ ಕತ್ತರಿಯೆಂದೇ ಕರೆಯುತ್ತಿದ್ದರು. ಮಡಿಸಿ ಮಡಿಸಿ ಹೊಲಿದ ಪಟ್ಟಿಗಳ ಮೇಲೆ ಕುರ್ಚಿ ಕೂತಿತು. ಸೊಂಟಕ್ಕೊಂದು ಅಗಲವಾದ ಪಟ್ಟಿ ಬಂತು. ಪಾದಕ್ಕೊಂದು ಮೆತ್ತನೆಯ ತೊಟ್ಟಿಲಿನಂಥ ಚೀಲ ಬಂತು. ತಂದೆಯ ಕಾಲದಿಂದ ನಮ್ಮಲ್ಲೊಂದು ನಿಯಮವಿತ್ತು: ಮನುಷ್ಯ ಕೂರುವಂಥದ್ದು ಏನನ್ನೇ ಹೊಲಿದರೂ ಅವನ ತಲೆಗೊಂದು ಮರೆ ಹೊಲಿಯದೆ ಹೊರಗೆ ಕಳಿಸಬಾರದು. ಹಾಗಾಗಿ ಯಾರೂ ಕೇಳದೆಯೇ ಕುರ್ಚಿಗೆ ಒಂದು ಮೇಲ್ಕಟ್ಟೂ ಬಂತು. ಹಿಂದಿನಿಂದ ಎದ್ದು, ಬಸವನ ಹುಳುವಿನ ಚಿಪ್ಪಿನಂತೆ ಬಾಗಿ, ಮುಂದಕ್ಕೆ ಬಾಯಿ ತೆರೆದ ಮೇಲ್ಕಟ್ಟು. ಬಿಸಿಲಿಗೂ ಆಯಿತು, ಮಳೆಗೂ ಆಯಿತು. ಅಕ್ಕ ತಾನೇ ಕೈಯಾಡಿಸಿ ನೋಡಿ, "ಚೆನ್ನಾಗಿದೆ," ಎಂದಳು. ಅವಳ ಬಾಯಲ್ಲಿ ಆ ಮಾತು ಕೇಳಲು ಕತ್ತರಿ ಹಿಂದಿನ ಅಷ್ಟೂ ವರ್ಷ ಕಾದಿದ್ದ.

ಮರಳು ಮೂಟೆ ಕೂರಿಸಿ ತೊಲೆಗೆ ತೂಗುಹಾಕಿ ಜಗ್ಗಿ ನೋಡಿದೆವು. ಒಂದು ಎಳೆಯೂ ಅಲುಗಲಿಲ್ಲ.

ತೀರದ ಕೊನೆಯ ದಿನ ನಾವು ಮತ್ತೆ ಗೇಟಿಗೆ ಹೋದಾಗ ಪೀಪಿ ಕುರ್ಚಿಯನ್ನು ಸುತ್ತುಹಾಕಿ ನೋಡಿದ. ಗಳದ ತುದಿ ಮುಟ್ಟಿದ, ಅಡಿಯಲ್ಲಿ ಬಗ್ಗಿ ಚಕ್ರ ಹುಡುಕಿದ.

"ಇಲ್ಲ ಬಿಡಪ್ಪ," ಎಂದಳು ಅಕ್ಕ. "ಹೊಟ್ಟೆಯೊಳಗೆ ಬಚ್ಚಿಟ್ಕೊಂಡಿಲ್ಲ."

ಅವನು ನಗಲಿಲ್ಲ. "ಒಂದು ಮಾತು ಕೇಳಿ. ಮುಂದೆ ಒಂದು ಹಳ್ಳ ಇದೆ. ಇಳಿತದಲ್ಲಿ ಮೊಣಕಾಲು ನೀರು. ಉಬ್ಬರ ಬಂತು ಅಂದ್ರೆ ಈಜೋರೇ ಹೆದರ್ತಾರೆ. ನಾನು ಪೀಪಿ ಊದಿದ ತಕ್ಷಣ ಹಿಂದಕ್ಕೆ ಹೊರಡಬೇಕು. ನೀರು ನೋಡಿದ್ರೋ ಇಲ್ವೋ, ಹೊರಡಬೇಕು. ಒಪ್ಪಿಗೇನಾ?"

"ಒಪ್ಪಿಗೆ," ಎಂದಳು ಅಕ್ಕ. ಅವನೂ ನಮ್ಮ ಜೊತೆ ಹೊರಟ. ಕಾವಲಿನವನು ಗುಂಪಿನ ಲೆಕ್ಕಕ್ಕೆ ಸೇರುವುದಿಲ್ಲ, ಹೊರೆಗೆ ಕೈ ಹಾಕುವಂತೆಯೂ ಇಲ್ಲ.

ಮುಂದೆ ನಾನು ಮತ್ತು ಕತ್ತರಿ, ಹಿಂದೆ ನರ್ಸು ಮತ್ತು ಅವಳ ಗಂಡ. ಗಳ ಹೆಗಲೇರಿತು. ಹಳ್ಳದ ನೀರು ತಣ್ಣಗೆ ಮೊಣಕಾಲನ್ನು ಸುತ್ತಿಕೊಂಡಿತು. ಸಣ್ಣ ಮೀನುಗಳು ಪಾದಕ್ಕೆ ಕಚಗುಳಿಯಿಟ್ಟವು. ಆಚೆ ದಡದಿಂದ ಮರಳು ಶುರುವಾಯಿತು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರಿಸುವ ಮರಳು. ಎರಡೂ ಕಡೆ ಹಗ್ಗದ ಗುರುತು, ಅದರಾಚೆ ನೇರಳೆ ಹೂವಿನ ಬಳ್ಳಿಗಳು ದಿಬ್ಬವನ್ನು ಬೆರಳುಗಳಿಂದ ಹಿಡಿದುಕೊಂಡಂತೆ ಹಬ್ಬಿದ್ದವು.

"ಅತ್ತೆ," ಎಂದು ಅಳಿಯ ಹಿಂದಿನಿಂದ ಏದುಸಿರಿನಲ್ಲೇ ಕೂಗಿದ, "ಈ ರೂಟಲ್ಲಿ ಟಿಕೆಟ್ಟು ಡಬಲ್ಲು."

"ಡ್ರೈವರ್ ಸರಿಯಿಲ್ಲ ಅಂತ ಇಳಿದುಬಿಡ್ತೀನಿ ನೋಡು."

"ಇಳೀರಿ, ದಯವಿಟ್ಟು ಇಳೀರಿ!"

"ಬಾಯಿ ಮುಚ್ಕೊಂಡು ಉಸಿರು ಉಳಿಸ್ಕೊಳ್ರೀ," ಎಂದಳು ಅವನ ಹೆಂಡತಿ. ಆಸ್ಪತ್ರೆಯಲ್ಲಿ ದಿನವೂ ಮನುಷ್ಯರನ್ನು ಎತ್ತಿ ಇಳಿಸುವ ಅವಳೊಬ್ಬಳೇ ಆ ಹೊತ್ತಿನಲ್ಲಿ ನೆಟ್ಟಗೆ ನಡೆಯುತ್ತಿದ್ದವಳು.

ಕಡಲು ಕಾಣುತ್ತಿರಲಿಲ್ಲ, ದಿಬ್ಬದ ಆಚೆಯಿಂದ ಸದ್ದು ಮಾತ್ರ ಬರುತ್ತಿತ್ತು, ದೊಡ್ಡ ಬಟ್ಟೆಯೊಂದನ್ನು ಯಾರೋ ಬಿಡದೆ ಹರಿಯುತ್ತಿರುವ ಸದ್ದು. ದಿಬ್ಬದ ನೆತ್ತಿ ಇನ್ನೇನು ಬಂತು ಎನ್ನುವಾಗ ನಾನೂ ಕತ್ತರಿಯೂ ಮೊದಲು ತಲೆಯೆತ್ತಿದೆವು. ನಮ್ಮ ಹಿಂದೆ ಕುರ್ಚಿ ತಲೆಯೆತ್ತಿತು. ಮರುಕ್ಷಣವೇ ಯಾರೋ ಹಿಂದಿನಿಂದ ಗಳವನ್ನು ಹಿಡಿದು ಜಗ್ಗಿದಂತಾಯಿತು.

ಗಾಳಿ. ಕಡಲಿನಿಂದ ನೇರವಾಗಿ ಬಂದ ಗಾಳಿ, ಬಾಯಿ ತೆರೆದ ಮೇಲ್ಕಟ್ಟಿನೊಳಕ್ಕೆ ನುಗ್ಗಿತ್ತು. ಕುರ್ಚಿ ಹಿಂದಕ್ಕೆ ವಾಲಿತು; ಅಳಿಯ "ಅಯ್ಯಯ್ಯೋ" ಎನ್ನುತ್ತ ಮಂಡಿಯೂರಿದ; ಅಕ್ಕನ ಎರಡೂ ಪಾದಗಳು ಆಕಾಶ ನೋಡಿದವು. ನಾಲ್ವರೂ ಜಾರುತ್ತ ಜಾರುತ್ತ ನೆತ್ತಿಯಿಂದ ಕೆಳಕ್ಕೆ ಬಂದು ನಿಂತೆವು. ಪೀಪಿ ಗಾಬರಿಯಿಂದ ಪೀಪಿ ಊದಿಯೇಬಿಟ್ಟ.

ಮತ್ತೆ ಏರಿದೆವು. ಗಾಳಿ ಮತ್ತೆ ಇಳಿಸಿತು.

ಆಗ ನಮಗೆ ಹೊಳೆಯಿತು, ನಾವು ಎಂಥ ಕೆಲಸ ಮಾಡಿದ್ದೇವೆ ಎಂದು. ತಲೆತಲಾಂತರದಿಂದ ಗುಡಾರ ಹೊಲಿದವರಿಗೆ ಗಾಳಿಯ ನೆನಪಾಗಿರಲಿಲ್ಲ. ಏಕೆಂದರೆ ನಮ್ಮ ಕಸುಬಿನಲ್ಲಿ ಗಾಳಿಯ ಚಿಂತೆ ಹೊಲಿಯುವವರದ್ದಲ್ಲ. ಅದನ್ನು ಗೂಟಕ್ಕೂ ಹಗ್ಗಕ್ಕೂ ಬಿಟ್ಟುಬಿಡುತ್ತೇವೆ. ಬಟ್ಟೆ ಹಾರದಿರಲೆಂದು ಕಾರ್ಖಾನೆಯ ಕಿಟಕಿಗಳನ್ನೂ ಮುಚ್ಚಿಯೇ ಕೆಲಸ ಮಾಡುವವರು ನಾವು. ಗೂಟವಿಲ್ಲದ ಗುಡಾರವನ್ನು ನಾಲ್ಕು ಹೆಗಲುಗಳ ಮೇಲೆ ಹೊತ್ತು ಕಡಲಿನ ಮುಂದೆ ಹಿಡಿದಿದ್ದೆವು.

"ಅಂದ್ರೆ ಇಲ್ಲಿ ಗೂಟ ನಾವೇನಾ ಮಾವ?" ಎಂದ ಅಳಿಯ, ಬಾಯಿಂದ ಮರಳು ಉಗುಳುತ್ತ.

ಅಕ್ಕ ಚೆದುರಿದ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡಳು. "ನಾನೂ ನೋಡಿ ಚೆನ್ನಾಗಿದೆ ಅಂದೆನಲ್ಲೋ! ನಮ್ಮ ಬುದ್ಧಿಗೆ ತೇಪೆ ಹಾಕಬೇಕು."

ಪೀಪಿ ನೆರಳು ನೋಡಿದ, ಹಳ್ಳದ ಕಡೆ ನೋಡಿದ. "ಹೊತ್ತು ಕಳೀತಿದೆ. ನನ್ನ ಮಾತು ಕೇಳಿ, ಇಲ್ಲಿಂದಲೇ ವಾಪಸ್ ಹೋಗೋಣ. ಸದ್ದಾದ್ರೂ ಕೇಳಿದ್ರಲ್ಲಮ್ಮ."

ನನ್ನ ಹೆಗಲಿನ ಚರ್ಮ ಕಿತ್ತಿತ್ತು; ಅಳಿಯನ ಮಂಡಿಯಿಂದ ರಕ್ತ ಬರುತ್ತಿತ್ತು. ನಿಜ ಹೇಳಬೇಕೆಂದರೆ ಪೀಪಿಯ ಮಾತು ನನಗೆ ಹಿತವಾಗಿಯೇ ಕೇಳಿಸಿತು. "ಅಕ್ಕ..." ಎಂದೆ.

"ಏನು ಅಕ್ಕ?" ಎಂದಳು. "ಇಷ್ಟು ವರ್ಷ ಅಂಚಿಂದ ಉದುರಿದ ಮರಳು ನೋಡಿದ್ದು ಸಾಲದಾ, ಈಗ ದಿಬ್ಬದ ಹಿಂದೆ ನಿಂತು ಸದ್ದು ಕೇಳಿ ಮನೆಗೆ ಹೋಗ್ಬೇಕಾ? ನೀವು ತಿರುಗಿ ಹೋದ್ರೆ ಹೋಗಿ. ನಾನು ತೆವಳ್ಕೊಂಡು ಹೋಗ್ತೀನಿ. ತೆವಳೋದಕ್ಕೆ ಕಾನೂನು ಇದೆಯೇನಪ್ಪಾ?"

"ಅದೂ ಬರೆದಿಲ್ಲಮ್ಮ," ಎಂದ ಪೀಪಿ, ಸೋತ ದನಿಯಲ್ಲಿ.

"ಕತ್ತರೀ, ಬಿಚ್ಚು ಆ ಮೇಲ್ಕಟ್ಟನ್ನ."

ಕತ್ತರಿ ನನ್ನ ಮುಖ ನೋಡಿದ. ಗಟ್ಟಿಯಾಗಿರುವ ಹೊಲಿಗೆಯನ್ನು ಬಿಚ್ಚುವುದು ನಮ್ಮ ಕಾರ್ಖಾನೆಯಲ್ಲಿ ಯಾರೂ ಮಾಡದ ಕೆಲಸ. ಅದೂ ದೊಡ್ಡಕ್ಕ ಚೆನ್ನಾಗಿದೆಯೆಂದ ಹೊಲಿಗೆ. ಅವನ ಕೈ ಸೊಂಟದ ಚಾಕುವಿನ ಮೇಲೆ ನಿಂತುಬಿಟ್ಟಿತು.

"ನೀವು ಚೆನ್ನಾಗಿದೆ ಅಂದಿದ್ರಿ ದೊಡ್ಡಕ್ಕ," ಎಂದ. ಅಂದು ಬೆಳಗಿನಿಂದ ಅವನಾಡಿದ ಮೊದಲ ಮಾತು.

"ಈಗಲೂ ಚೆನ್ನಾಗೇ ಇದೆ. ಅದಕ್ಕೇ ಅಂಚು ಹರೀದ ಹಾಗೆ ಬಿಚ್ಚು."

ಅವನು ಮೀನಿನ ಮುಳ್ಳು ತೆಗೆಯುವವನಂತೆ ಒಂದೊಂದೇ ಎಳೆ ಕೊಯ್ದು ಬಟ್ಟೆ ಬಿಡಿಸಿದ. ಮೇಲ್ಕಟ್ಟಿನ ಬಾಗಿದ ಕಡ್ಡಿಗಳು ಮಾತ್ರ ಕುರ್ಚಿಯ ಹಿಂದೆ ಬರಿದಾಗಿ ನಿಂತವು. ಅಕ್ಕ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಮತ್ತೆ ಗಳ ಹೆಗಲೇರಿತು. ಗಾಳಿ ಈ ಸಲ ಕಡ್ಡಿಗಳ ನಡುವೆ ಸಿಳ್ಳೆ ಹಾಕಿ ಹೊರಟುಹೋಯಿತು. ನಾವು ದಿಬ್ಬದ ನೆತ್ತಿಯ ಮೇಲೆ ನಿಂತಿದ್ದೆವು.

ಬೆನ್ನ ಹಿಂದೆ ಅಕ್ಕ ಇದ್ದಳು. ಹೊರಳಿ ನೋಡಲು ಗಳ ಬಿಡುತ್ತಿರಲಿಲ್ಲ. ಆದ್ದರಿಂದ ಅವಳು ನೋಡುತ್ತಿದ್ದುದನ್ನೇ ನಾನೂ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಬಿಳಿಯ ಮರಳು. ಅದರಾಚೆ ಎದ್ದು ಬೀಳುವ ಹಸಿರು ನೀರು. ಅಂಗಡಿಯಿಲ್ಲ, ಬೆಂಚಿಲ್ಲ, ದೀಪದ ಕಂಬವಿಲ್ಲ, ಗೋಡೆಯಿಲ್ಲ. ಕಡಲು ತಂದು ಎಸೆದ ಒಂದು ಬಿಳಿಚಿದ ಮರದ ಬುಡ, ಅದರ ಮೇಲೆ ಸಾಲಾಗಿ ಕುಳಿತ ಹಕ್ಕಿಗಳು, ಅಷ್ಟೆ. ತೀರ ನಿನ್ನೆಯಷ್ಟೇ ಹುಟ್ಟಿದಂತಿತ್ತು.

"ಇಲ್ಲಿ ಏನೂ ಇಲ್ಲ ನೋಡ್ರೋ!" ಎಂದಳು ಅಕ್ಕ. ಅವಳ ದನಿಯಲ್ಲಿ ಅಂಥ ಹಿಗ್ಗನ್ನು ನಾನು ಮೊದಲು ಕೇಳಿರಲಿಲ್ಲ. "ಯಾರೂ ಏನೂ ಕಟ್ಟಿಲ್ಲ! ಒಂದು ಮೊಳೆ ಹೊಡೆದಿಲ್ಲ!"

ಇಳಿದೆವು ಎನ್ನುವುದಕ್ಕಿಂತ ಓಡಿದೆವು ಎನ್ನಬೇಕು. ಒದ್ದೆ ಮರಳು ಗಟ್ಟಿಯಾಗಿ ಕಾಲಿಗೆ ಸಿಕ್ಕಿದಾಗ ಕುರ್ಚಿಯನ್ನು ಇಳಿಸಿದೆವು. ಮಗಳು ಪಾದದ ಚೀಲ ಬಿಚ್ಚಿದಳು. ಮೊದಲ ಅಲೆ ನಾಚಿಕೊಂಡಂತೆ ಅರ್ಧಕ್ಕೇ ಹಿಂದಿರುಗಿತು. ಎರಡನೆಯದು ನೇರವಾಗಿ ಬಂದು ಅಕ್ಕನ ಮೊಣಕಾಲವರೆಗೂ ಏರಿ, ಸೀರೆಯ ಅಂಚನ್ನೆಲ್ಲ ತೋಯಿಸಿ, ಕಾಲಡಿಯ ಮರಳನ್ನು ಕದ್ದುಕೊಂಡು ಓಡಿತು. ಅಕ್ಕ ಕೂಗಿಕೊಂಡಳು.

"ತಣ್ಣಗಿದೆಯಾ ಅಮ್ಮ?"

"ಗೊತ್ತಾಗ್ತಿದೆ ಕಣೇ! ತಣ್ಣಗಿರೋದು ಗೊತ್ತಾಗ್ತಿದೆ! ಈ ಎಡಗಾಲು, ಕೆಲಸಕ್ಕೆ ಬಾರದ್ದು, ಇದಕ್ಕೂ ಗೊತ್ತಾಗ್ತಿದೆ!"

ನರ್ಸು ಅಮ್ಮನ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು.  ಅಕ್ಕ ಬಗ್ಗಿ ಒಂದು ಹಿಡಿ ಮರಳೆತ್ತಿ ಬಿಸಿಲಿಗೆ ಹಿಡಿದಳು. ಚಿಪ್ಪಿನ ಚೂರುಗಳು ಮಿನುಗಿದವು. ತಲೆದೂಗಿ, ಅದನ್ನು ಅಲ್ಲೇ ಸುರಿದಳು. ಅವಳಿಗೆ ಅದನ್ನು ಮನೆಗೆ ಒಯ್ಯಬೇಕಿರಲಿಲ್ಲ.

ದಿಬ್ಬದ ಬುಡದಲ್ಲಿ ಕಾವಲಿನವರ ಗುಡಾರವೊಂದು ನಿಂತಿತ್ತು. ಅಕ್ಕ ದೂರದಿಂದಲೇ ಅದರ ಇಳಿಜಾರು ನೋಡಿ ಗುರುತು ಹಿಡಿದಳು.

"ಅದು ನಂದು," ಎಂದಳು. "ಬಾಗಿಲ ಹತ್ತಿರ ಆ ಹೊಲಸು ತೇಪೆ ಯಾರು ಹಾಕಿದ್ದು?"

ಪೀಪಿಯ ಸುಟ್ಟ ಮೂಗು ಇನ್ನಷ್ಟು ಕೆಂಪಾಯಿತು. "ನಾನೇ ಅಮ್ಮ. ಬಲೆ ದಾರದಲ್ಲಿ."

"ಹೊಲಿದಿದ್ದೀಯೋ, ಕೋಪ ತೀರಿಸ್ಕೊಂಡಿದ್ದೀಯೋ?"

"ಆ ಗುಡಾರ ನೀವು ಹೊಲಿದಿದ್ದಾ?" ಅವನು ಅಕ್ಕನ ಕೈಗಳನ್ನು ನೋಡಿದ. "ಎಷ್ಟು ಬಿರುಗಾಳಿ ನೋಡಿದೆ ಗೊತ್ತಾ ಅಮ್ಮ ಅದು. ಒಂದು ಸಲ ಗೂಟವೆಲ್ಲ ಕಿತ್ತು ಹೋಯ್ತು, ಗುಡಾರ ಹರೀಲಿಲ್ಲ. ನಾನು ಅದನ್ನ ಹೊದ್ಕೊಂಡು ಕೂತಿದ್ದೆ."

 ಅಕ್ಕ ಕೂತಿದ್ದ ರೀತಿ ಬದಲಾಯಿತು, ಬೆನ್ನು ನೆಟ್ಟಗಾಯಿತು.

ಹೊತ್ತು ಎಲ್ಲಿ ಹೋಯಿತೋ ತಿಳಿಯದು. ಪೀಪಿ ಹಳ್ಳದ ದಿಕ್ಕಿಗೆ ನೋಡಿ, ಮನಸ್ಸಿಲ್ಲದ ಮನಸ್ಸಿನಿಂದ ಪೀಪಿಯನ್ನು ತುಟಿಗಿಟ್ಟ. ಸದ್ದು ತೀರದುದ್ದಕ್ಕೂ ಹಾರಿತು. ಮರದ ಬುಡದ ಹಕ್ಕಿಗಳೂ ಎದ್ದವು. ನಾನು ತಿರುಗಿ ದಿಬ್ಬವನ್ನು ನೋಡಿದೆ. ಇಳಿಯುವಾಗ ಅದು ಇಷ್ಟು ಎತ್ತರವಿರಲಿಲ್ಲ. ಕತ್ತರಿ ಮರಳಿನ ಮೇಲೆ ಕೂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದ. ಅಳಿಯನ ಮಂಡಿ ಊದಿಕೊಂಡಿತ್ತು. ಹಳ್ಳ ತುಂಬುವುದರೊಳಗೆ ಈ ದಿಬ್ಬ ಏರಲಾರೆವು ಎಂದು ನಾಲ್ವರಿಗೂ ಗೊತ್ತಾಯಿತು.

ಅಕ್ಕ ಮಾತ್ರ ನಮ್ಮನ್ನು ನೋಡದೆ, ರವಿಕೆಗೆ ಚುಚ್ಚಿಕೊಂಡಿದ್ದ ದಬ್ಬಣ ಕಿತ್ತು, ಮೇಣದ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಮಡಿಲಿನ ಮೇಲ್ಕಟ್ಟು ಆಗಲೇ ಅರ್ಧ ಕಡ್ಡಿಗಳ ಮೇಲಿತ್ತು.

"ಅಕ್ಕ! ಏನು ಮಾಡ್ತಿದ್ದೀಯಾ? ಅದರಿಂದಲೇ ತಾನೇ ಬಿದ್ದಿದ್ದು!"

"ಬರುವಾಗ ಗಾಳಿ ಯಾವ ಕಡೆಯಿಂದ ಬಂತು?"

"ಕಡಲ ಕಡೆಯಿಂದ."

"ಈಗ?"

"ಕಡಲ ಕಡೆ..." ನಾನು ನಿಲ್ಲಿಸಿದೆ.

"ನನ್ನನ್ನ ತಿರುಗಿಸಬೇಡಿ. ನನ್ನ ಮುಖ ಹೀಗೇ ನೀರಿನ ಕಡೆ ಇರ್ಲಿ. ಗಳದ ಆ ತುದಿ ಮುಂದು ಮಾಡ್ಕೊಂಡು ನೀವು ದಿಬ್ಬದ ಕಡೆ ನಡೀರಿ. ಗಾಳಿ ಮೇಲ್ಕಟ್ಟಿನ ಬಾಯಿಗೆ ಬರ್ಲಿ. ಆಗ ಹಿಂದಕ್ಕೆ ಜಗ್ಗಿದ್ದು ಈಗ ಮೇಲಕ್ಕೆ ತಳ್ಳುತ್ತೆ." ದಬ್ಬಣ ಬಟ್ಟೆಯಲ್ಲಿ ಮುಳುಗಿ ಏಳುತ್ತಲೇ ಇತ್ತು. "ಕತ್ತರೀ, ಆ ಅಂಚು ಹಿಡಿ. ಬಿಗಿಯಾಗಿ. ಮಗಳೇ, ನೀನು ನನ್ನ ಸೊಂಟದ ಪಟ್ಟಿ ಇನ್ನೊಂದು ಸುತ್ತು ಬಿಗಿಯೇ, ಮುಂದಕ್ಕೆ ಜಾರೀನು."

"ಅಮ್ಮ, ಪೀಪಿ ಊದಿ ಆಯ್ತು," ಎಂದ ಪೀಪಿ, ಗೋಗರೆಯುತ್ತ.

"ಕೇಳಿಸ್ತು. ಸಡಿಲ ಹೊಲಿಗೆಯಲ್ಲಿ ನಾನು ಮನೆ ಬಿಟ್ಟು ಬಂದವಳಲ್ಲ, ಮನೆಗೆ ಹೋಗೋಳೂ ಅಲ್ಲ."

ಅವಳ ಕೈ ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅವಳ ಹರೆಯದಲ್ಲೂ ಕಂಡಿರಲಿಲ್ಲ. ಕೊನೆಯ ಗಂಟು ಬಿತ್ತು. ಎತ್ತಿದೆವು. ಒಂದು ಗಳಿಗೆ ಏನೂ ಆಗಲಿಲ್ಲ. ಮೇಲ್ಕಟ್ಟು ಸೋತ ಬಟ್ಟೆಯಂತೆ ಪಟಪಟನೆ ಬಡಿದುಕೊಂಡಿತು. ಆಮೇಲೆ ಕಡಲು ಒಂದು ದೊಡ್ಡ ಉಸಿರು ಬಿಟ್ಟಿತು. ಬಟ್ಟೆ ಢಬ್ಬೆಂದು ಉಬ್ಬಿತು. ಹೆಗಲಿನ ಮೇಲಿನ ಗಳಕ್ಕೆ ಜೀವ ಬಂದು ನನ್ನನ್ನು ದಿಬ್ಬದ ಕಡೆಗೆ ನೂಕಿತು.

"ಓಡ್ರೋ!" ಎಂದಳು ಅಕ್ಕ.

ನಾವು ಓಡಿದೆವು. ಮುದುಕನಾಗುತ್ತಿದ್ದ ನಾನು, ಮಂಡಿ ಊದಿದ ಅಳಿಯ, ಇಬ್ಬರು ಗಂಡಸರಷ್ಟು ಉಸಿರು ಬಿಡುತ್ತಿದ್ದ ನರ್ಸು, ಒಂದು ಮಾತೂ ಆಡದ ಕತ್ತರಿ. ಬಂದಾಗ ನಮ್ಮನ್ನು ಉರುಳಿಸಿದ ಅದೇ ಗಾಳಿ ಈಗ ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ಹತ್ತಿಸುತ್ತಿತ್ತು. ಕಾಲ ಕೆಳಗಿನ ಮರಳು ಜಾರುವ ಮೊದಲೇ ಮುಂದಿನ ಹೆಜ್ಜೆ ಬೀಳುತ್ತಿತ್ತು.

"ಮಾವಾ, ಇದಕ್ಕೆ ಬ್ರೇಕ್ ಎಲ್ಲಿದೆ?" ಎಂದು ಅಳಿಯ ಕಿರುಚಿದ.

"ಹೊಲಿದಿಲ್ಲ!" ಎಂದಳು ಅಕ್ಕ ಮೇಲಿನಿಂದ, ಕಡಲಿಗೆ ಮುಖ ಮಾಡಿ ಕುಳಿತವಳು, ನಗುತ್ತ, ಎರಡೂ ಕೈಯಲ್ಲಿ ಮೇಲ್ಕಟ್ಟಿನ ಅಂಚು ಹಿಡಿದು ಗಾಳಿಯನ್ನು ಅತ್ತ ಇತ್ತ ತಿರುವುತ್ತ. ಹಗ್ಗದ ಗುರುತಿನ ನಡುವೆ, ಒಂದು ಬಳ್ಳಿಯ ಎಲೆಯನ್ನೂ ತುಳಿಯದೆ, ನಾವು ದಿಬ್ಬದ ನೆತ್ತಿಯನ್ನು ದಾಟಿದೆವು. ಪೀಪಿ ಹಿಂದಿನಿಂದ ಓಡಿ ಬರುತ್ತ ಊದುತ್ತಲೇ ಇದ್ದ. ನಿಲ್ಲಿರಿ ಎಂದಲ್ಲ, ನಿಲ್ಲಬೇಡಿ ಎಂದು.

ಹಳ್ಳದಲ್ಲಿ ನೀರು ತೊಡೆಯ ಮೇಲಕ್ಕೆ ಬಂದಿತ್ತು, ಒಳಮುಖವಾಗಿ ಸೆಳೆಯುತ್ತಿತ್ತು. ಗಳವನ್ನು ಹೆಗಲಿನಿಂದ ಎತ್ತಿ ಕೈಚಾಚಿ ಹಿಡಿದೆವು. ನಡುವಿನಲ್ಲಿ ಕತ್ತರಿ ಒಂದು ಗುಂಡಿಗೆ ಕಾಲಿಟ್ಟು ಎದೆಯವರೆಗೆ ಮುಳುಗಿದ. ಗಳ ಮಾತ್ರ ಮುಳುಗಲಿಲ್ಲ, ಅವನ ತಾಳೆಮರದ ತೋಳುಗಳು ಅದನ್ನು ಎತ್ತಿಯೇ ಹಿಡಿದಿದ್ದವು. ಆಚೆ ದಡ ಹತ್ತಿ ಗೇಟು ದಾಟಿದಾಗ ನಾಲ್ವರೂ ನೆಲದ ಮೇಲೆ ಉರುಳಿಕೊಂಡೆವು. ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದವಳು ಅಕ್ಕ ಒಬ್ಬಳೇ.

ಪೀಪಿ ಒದ್ದೆ ಬಟ್ಟೆಯಲ್ಲೇ ಅವಳ ಮುಂದೆ ಬಂದು ನಿಂತ. ಹಿಂದಿರುಗಿ ಹಳ್ಳವನ್ನು ನೋಡಿದ. ಅದು ಆಗಲೇ ಹೊಳೆಯಾಗಿತ್ತು. ಗೇಟಿನ ಬಾಗಿಲು ಎಳೆದು ಚಿಲಕ ಹಾಕಿ ಹೇಳಿದ, "ಕೊನೆಯದಾಗಿ ಹೋಗಿಬಂದವರು ನೀವೇ ಅಮ್ಮ. ನೀವು ಹೋಗಿಬಂದ್ರಿ."

"ಹೋಗಿಬಂದೆ," ಎಂದಳು ಅಕ್ಕ. ನಿಧಾನವಾಗಿ, ಪ್ರತಿ ಅಕ್ಷರವನ್ನೂ ಹೊಲಿಗೆ ಹಾಕಿದಂತೆ. "ಇವರೆಲ್ಲ ನನ್ನ ಕಾಲು."

ಆಮೇಲೆ ಅವಳು ಬಹಳ ವರ್ಷ ಬದುಕಿದಳು, ಬಹಳ ಗುಡಾರ ಹೊಲಿದಳು. ಕಾರ್ಖಾನೆಯಲ್ಲಿ ಯಾರಾದರೂ ಆಗದು ಎಂಬ ಮಾತೆತ್ತಿದರೆ ದಬ್ಬಣದ ತುದಿಯನ್ನು ಅವರ ಕಡೆ ತೋರಿಸಿ, "ನಾನು ಕಡಲಿಗೆ ಹೋಗಿಬಂದವಳು," ಎನ್ನುತ್ತಿದ್ದಳು.  ತೀರ ಇನ್ನೂ ತೆರೆದಿಲ್ಲ. ದಿಬ್ಬದ ತುಂಬ ಬಳ್ಳಿ ಹಬ್ಬಿದೆಯಂತೆ. ಹಬ್ಬಲಿ.

ಇದನ್ನೆಲ್ಲ ಬರೆದು, ಗಟ್ಟಿಯಾಗಿ ಓದಿ ಮುಗಿಸಿದಾಗ, ಆ ನರ್ಸಿನ ಮಗಳು, ಅಜ್ಜಿಯನ್ನು ಕಣ್ಣಾರೆ ಕಾಣದ ಹುಡುಗಿ, ಕತ್ತರಿಸಿದ ಬಟ್ಟೆಗಳ ರಾಶಿಯ ಮೇಲೆ ಮಲಗಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಅನುಮಾನವಿತ್ತು.

"ತಾತ, ಅಪ್ಪ ಹೇಳೋ ಕಥೇಲಿ ಅಜ್ಜಿ ಇನ್ನೂ ಜಾಸ್ತಿ ಬೈತಿದ್ರು."

"ನಿಮ್ಮಪ್ಪ ಹಿಂದಿನ ಗಳ ಹೊತ್ತಿದ್ದ. ಅವನಿಗೆ ಬೈಗುಳ ಹೆಚ್ಚು ಬಿತ್ತು."

"ನೀನು ಅದನ್ನೆಲ್ಲ ಬಿಟ್ಟುಬಿಟ್ಟೆ."

"ಬರಹಕ್ಕೆ ಒಗ್ಗದ್ದನ್ನು ಬಿಟ್ಟೆ."

ಅವಳು ಎದ್ದು ಕುಳಿತು, ನನ್ನ ಕೈಯಿಂದ ಹಾಳೆ, ಮೂಗಿನಿಂದ ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು.

"ಹಾಗಾದ್ರೆ ಇನ್ನೊಂದ್ಸಲ ಹೇಳು ತಾತ. ಗೇಟಿಂದ ಶುರು ಮಾಡು. ಒಂದು ಬೈಗುಳಾನೂ ಬಿಡಬೇಡ."